ಉಸಿರು ಬಿಡಲು ಕಲಿತ ಹಾಶಿಂ

ಮಂಗಳೂರಿನ ಹಳೆ ಬಂದರಿನ ಧಕ್ಕೆಯಲ್ಲಿ ಏನಾದರೂ ನೀರಿಗೆ ಬಿದ್ದರೆ ಸಾಕು, "ಹಾಶಿಮನನ್ನು ಕರೀರಿ" ಎಂಬ ಕೂಗು ಏಳುತ್ತಿತ್ತು. ಸರಕು ಸಾಗಿಸುವ ಮಂಜಿಯ ಲಂಗರಿರಲಿ, ದೋಣಿಯ ಚುಕ್ಕಾಣಿಯಿರಲಿ, ಅಮಿನಿ ದ್ವೀಪದಿಂದ ಕೊಬ್ಬರಿ ತಂದ ಮುದುಕನ ಕಟ್ಟಿಸಿದ ಹಲ್ಲಿರಲಿ, ಹಾಶಿಂ ಅಂಗಿ ಬಿಚ್ಚಿ, ಮುಂಡನ್ನು ಮೇಲಕ್ಕೆ ಬಿಗಿದು ನೀರಿಗೆ ಇಳಿಯುತ್ತಿದ್ದ. ನದಿಯ ನೀರು ಕೆಸರು. ಕೆಳಗೆ ಕಣ್ಣಿಗೆ ಕೆಲಸವಿಲ್ಲ, ಕೈಯೇ ಎಲ್ಲ. ಮೇಲೆ ನಿಂತವರು ಬೀಡಿ ಹಚ್ಚಿ, ಅರ್ಧ ಸೇದಿ, "ಈ ಸಲ ಮುಗಿಯಿತು" ಎಂದುಕೊಳ್ಳುವ ಹೊತ್ತಿಗೆ ದೂರದಲ್ಲೆಲ್ಲೋ ಅವನ ತಲೆ ಮೇಲೇಳುತ್ತಿತ್ತು.

ಅವನಿಗಿಂತ ಮಿಗಿಲಾದವನು ಊರಿನಲ್ಲಿ ಒಬ್ಬನೇ ಇದ್ದ. ಅವನು ಸಮದ್. ಇಬ್ಬರೂ ಬಂದರಿನ ಹಿಂದಿನ ಒಂದೇ ಓಣಿಯ ಹುಡುಗರು, ಇಬ್ಬರ ತಂದೆಯರೂ ಮಂಜಿಗಳಲ್ಲಿ ದುಡಿದವರು. ಚಿಕ್ಕಂದಿನಲ್ಲಿ ಉಳ್ಳಾಲದ ಕಡೆಯ ಬಂಡೆಗಳಿಂದ ಪಚ್ಚಿಲೆ ಎಂಬ ಚಿಪ್ಪುಮೀನು ಕೀಳಲು ಹೋಗಿ ಮುಳುಗುವುದನ್ನು ಕಲಿತವರು. ಸಮದನ ಎದೆ ಡೋಲಿನ ಹಾಗೆ ಅಗಲ. ಯಾರಾದರೂ ಪಂದ್ಯ ಕಟ್ಟಿದರೆ ಹಾಶಿಂ ಮೇಲೆ ಬಂದು, ಮುಖ ಒರೆಸಿಕೊಂಡು, ದೋಣಿಯ ಅಂಚು ಹಿಡಿದು ಗೆಳೆಯನಿಗಾಗಿ ಕಾಯಬೇಕಾಗುತ್ತಿತ್ತು. ಅದರ ಬಗ್ಗೆ ಹಾಶಿಮನಿಗೆ ಹೊಟ್ಟೆಕಿಚ್ಚಿರಲಿಲ್ಲ. ಸಮದ್ ತನ್ನ ತಂಗಿ ಆಸ್ಯಮ್ಮಳನ್ನು ಹಾಶಿಮನಿಗೇ ಮದುವೆ ಮಾಡಿಕೊಟ್ಟ ಮೇಲಂತೂ ಇಬ್ಬರೂ ಒಂದೇ ಮನೆಯವರಾದರು. ಅಂದಿನಿಂದ ಸಮದ್ ಅವನನ್ನು ತಮಾಷೆಗೆ "ಭಾವ" ಎಂದು ಕರೆಯಲು ಶುರುಮಾಡಿದವನು ಮತ್ತೆ ಹೆಸರು ಹಿಡಿದು ಕರೆಯಲೇ ಇಲ್ಲ.

ಸಾವಿರದ ಒಂಬೈನೂರ ಐವತ್ತೇಳರಲ್ಲಿ, ಮಳೆಗಾಲ ಆಗಷ್ಟೇ ಮುಗಿದಿದ್ದಾಗ, ಬೆಂಗ್ರೆಯ ಕಡೆ ಒಂದು ಮಂಜಿ ಲಂಗರು ಕಳೆದುಕೊಂಡಿತು. ಹಾಶಿಂ ಮೂರು ಸಲ ಮುಳುಗಿ ಬರಿಗೈಯಲ್ಲಿ ಬಂದ. ನಾಲ್ಕನೆಯ ಸಲ ದೋಣಿಯಲ್ಲಿ ಕೂತು ಬೇಗಬೇಗ, ತಲೆ ಹಗುರಾಗುವ ತನಕ ಉಸಿರು ಎಳೆದು ಬಿಟ್ಟು ಮಾಡಿದ. ಹಾಗೆ ಮಾಡಿದರೆ ಕೆಳಗೆ ಉಸಿರಿನ ಆಸೆ ಬೇಗ ಹುಟ್ಟುವುದಿಲ್ಲ ಎನ್ನುವುದು ಅವರಿಬ್ಬರೂ ತಾವೇ ಕಂಡುಕೊಂಡಿದ್ದ ಉಪಾಯ. ಲಂಗರು ಸಿಕ್ಕಿತು. ಹಗ್ಗ ಕಟ್ಟಿ ಮೇಲೆ ಬರುವಾಗ ಮನಸ್ಸು ಹಾಯಾಗಿತ್ತು, ಎದೆಯಲ್ಲಿ ಯಾವ ಸಂಕಟವೂ ಇರಲಿಲ್ಲ. ನೀರಿನ ಮೇಲ್ಮೈ ಕೈಗೆಟಕುವಷ್ಟು ಹತ್ತಿರ ಬಂತು, ಸೂರ್ಯ ಹಳದಿ ಮುದ್ದೆಯಾಗಿ ಕಂಡ. ಆಮೇಲೆ ಏನೂ ನೆನಪಿಲ್ಲ. ಎಚ್ಚರವಾದಾಗ ದೋಣಿಯ ತಳದಲ್ಲಿ ಬೋರಲು ಬಿದ್ದಿದ್ದ. ಸಮದ್ ಅವನ ಕೂದಲು ಹಿಡಿದು ಎಳೆದು ಹಾಕಿ, ಬೆನ್ನಿಗೆ ಗುದ್ದುತ್ತ ಬಯ್ಯುತ್ತಿದ್ದ.

ಹಾಶಿಂ ಇದನ್ನು ಮನೆಯಲ್ಲಿ ಹೇಳಲಿಲ್ಲ. ಎರಡು ದಿನ ಬಿಟ್ಟು ಊಟಕ್ಕೆ ಬಂದ ಸಮದ್ ಮೀನಿನ ಸಾರಿಗೆ ಅಕ್ಕಿರೊಟ್ಟಿಯ ಪತ್ತಿರ್ ಅದ್ದುತ್ತ, ನಗುನಗುತ್ತ ಎಲ್ಲವನ್ನೂ ತಂಗಿಗೆ ಹೇಳಿಬಿಟ್ಟ. ಆಸ್ಯಮ್ಮ ಕೈಯಲ್ಲಿದ್ದ ಸೌಟನ್ನು ಪಾತ್ರೆಯೊಳಗೆ ಇಟ್ಟಳು. ಅಣ್ಣ ಹೋದ ಮೇಲೆ ಗಂಡನ ಮುಖ ನೋಡದೆ ಹೇಳಿದಳು:

"ಇನ್ನು ಮೇಲೆ ನೀರಿಗೆ ಹೋಗುವಾಗ ನನಗೆ ಹೇಳ್ಬೇಡಿ. ಬಂದ ಮೇಲೆ ಹೇಳಿ, ಸಾಕು."

ಆಮೇಲೆಯೂ ಅವನು ಮುಳುಗುವುದನ್ನು ಬಿಡಲಿಲ್ಲ. ಬೇರೆ ಕೆಲಸ ಗೊತ್ತಿರಲಿಲ್ಲ. ಆದರೆ ಆ ಹಳದಿ ಮುದ್ದೆ ಆಗಾಗ ಕನಸಿನಲ್ಲಿ ಬರುತ್ತಿತ್ತು. ಸಂಕಟವಿಲ್ಲದೆ ಪ್ರಜ್ಞೆ ಹೋದದ್ದು ಯಾಕೆ ಎಂದು ಅವನಿಗೆ ತಿಳಿಯಲಿಲ್ಲ, ಕೇಳೋಣವೆಂದರೆ ತಿಳಿದವರೂ ಸಿಗಲಿಲ್ಲ.

ತಿಳಿದವರು ಸಿಕ್ಕಿದ್ದು ಅರವತ್ತಮೂರರಲ್ಲಿ. ನದಿಯ ಬಾಯಲ್ಲಿ ಮರಳುದಿಣ್ಣೆ ಇದ್ದುದರಿಂದ ಹಡಗುಗಳು ಬಂದರಿನ ಒಳಗೆ ಬರುವಂತಿರಲಿಲ್ಲ, ದೂರ ಸಮುದ್ರದಲ್ಲೇ ಲಂಗರು ಹಾಕುತ್ತಿದ್ದವು. ಅಲ್ಲಿ ಹಡಗು ಎಳೆಯುವ ಒಂದು ಟಗ್ ದೋಣಿ ಮುಳುಗಿತು. ಅದನ್ನು ಎತ್ತುವ ಗುತ್ತಿಗೆ ಬೊಂಬಾಯಿಯ ಒಂದು ಕಂಪೆನಿಗೆ ಸಿಕ್ಕಿತು. ಅವರು ಹೊಸ ತರದ ಸಾಮಾನು ತಂದರು: ಬೆನ್ನಿಗೆ ಕಟ್ಟುವ ಗಾಳಿಯ ಸಿಲಿಂಡರ್, ಬಾಯಲ್ಲಿ ಕಚ್ಚಿಕೊಳ್ಳುವ ರಬ್ಬರಿನ ಮೌತ್‌ಪೀಸು, ಗಾಜಿನ ಮಾಸ್ಕು, ಸೀಸದ ಬೆಲ್ಟು. ಊರಿನವರಿಗೆ ಕೆಲಸ ಕೊಡುತ್ತೇವೆ, ಆದರೆ ಕಲಿತು, ಪರೀಕ್ಷೆ ಪಾಸಾಗಿ, ಸರ್ಟಿಫಿಕೇಟು ಪಡೆಯದವರು ಸಿಲಿಂಡರ್ ಮುಟ್ಟುವ ಹಾಗಿಲ್ಲ ಎಂದರು. ಕಲಿಸಲು ಒಪ್ಪಿದವರು ಬಲ್ಮಠದ ರುಡೊಲ್ಫ್. ನೌಕಾಪಡೆಯಲ್ಲಿ ಮುಳುಗುಗಾರರಾಗಿದ್ದು ನಿವೃತ್ತರಾಗಿ ಊರಿಗೆ ಬಂದವರು. ಎಳೆ ವಯಸ್ಸಿನಲ್ಲಿ ನೀರಿನಡಿಯಲ್ಲಿ ಎಡಗಿವಿಯ ತಮಟೆ ಒಡೆದಿತ್ತು, ಹಾಗಾಗಿ ಅವರ ಹತ್ತಿರ ಮಾತಾಡುವವರು ಬಲಗಡೆಗೆ ಬಂದು ನಿಲ್ಲಬೇಕಿತ್ತು.

ಕಲಿಕೆ ನಡೆದದ್ದು ವಾಮಂಜೂರಿನಲ್ಲಿ, ಗದ್ದೆಗಳ ಆಚೆ ಇದ್ದ ಹಳೆಯ ಕೆಂಪುಕಲ್ಲಿನ ಕೋರೆಯಲ್ಲಿ. ಕಲ್ಲು ತೆಗೆದು ಬಿಟ್ಟ ಹೊಂಡ ಮಳೆನೀರಿನಿಂದ ತುಂಬಿ, ಕೆಸರೆಲ್ಲ ಕೆಳಗೆ ಕೂತು, ನೀರು ತಿಳಿಯಾಗಿತ್ತು. ಕಂಪೆನಿಯ ಲಾರಿಯಲ್ಲಿ ನಂತೂರು ದಾಟಿ ಹೋದ ಏಳೆಂಟು ಜನರಲ್ಲಿ ಹಾಶಿಮನೂ ಇದ್ದ, ಸಮದನೂ ಇದ್ದ.

ಮೊದಲ ದಿನ ರುಡೊಲ್ಫ್ ಎಲ್ಲರನ್ನೂ ಕಲ್ಲಿನ ಮೇಲೆ ಕೂರಿಸಿ ಹೇಳಿದರು, "ಇವತ್ತು ಒಂದೇ ಪಾಠ. ಸಿಲಿಂಡರಿನ ಗಾಳಿ ಎಳೆದ ಮೇಲೆ ಉಸಿರು ಹಿಡಿಯಬಾರದು. ಯಾವತ್ತೂ ಹಿಡಿಯಬಾರದು. ಹೆದರಿದರೂ ಬಿಡ್ತಾ ಇರಬೇಕು, ನೀರು ಕುಡಿದರೂ ಬಿಡ್ತಾ ಇರಬೇಕು."

ಸಮದ್ ಜೋರಾಗಿ ನಕ್ಕುಬಿಟ್ಟ. "ಎಂತ ಪೊರ್ಬುಳೆ, ಉಸಿರು ಹಿಡಿಯಲಿಕ್ಕೆ ಬಾರದವ ಮುಳುಗುವುದು ಯಾಕೆ?" ಬಂದರಿನವರು ಕ್ರಿಶ್ಚಿಯನ್ನರನ್ನು ಮರ್ಯಾದೆಗೆ ಹಾಗೆ ಕರೆಯುತ್ತಿದ್ದರು. "ನಾವು ಹುಟ್ಟಿದಾಗಿನಿಂದ ಉಸಿರು ಹಿಡಿದೇ ಬದುಕಿದವರು."

"ಅದು ನಿಮ್ಮ ಹಳೇ ಕೆಲಸ. ಇದು ಬೇರೆ" ಎಂದರು ರುಡೊಲ್ಫ್.

"ಬೇರೆ ಎಂತದೂ ಇಲ್ಲ. ಡಬ್ಬಿ ಹೊತ್ತುಕೊಂಡು ಇಳಿಯುವುದು ಎದೆ ಇಲ್ಲದವರ ಕೆಲಸ" ಎಂದು ಸಮದ್ ಎದ್ದ. "ಬಾ ಭಾವ, ಹೋಗುವಾ."

ಹಾಶಿಂ ಏಳಲಿಲ್ಲ. ಹೆಂಡತಿಯ ಮುಖ, ಆ ಹಳದಿ ಮುದ್ದೆ ಎರಡೂ ಕಣ್ಣ ಮುಂದೆ ಬಂದವು. "ನೀನು ಹೋಗು ಮಾರಾಯ. ನಾನು ಇದೊಂದು ನೋಡಿ ಬರ್ತೇನೆ" ಎಂದ. ಸಮದ್ ಭುಜ ಕುಣಿಸಿ ಗದ್ದೆಯ ಹುಣಿಯ ಮೇಲೆ ನಡೆದು ಹೋದ.

ಮರುದಿನದಿಂದ ಹಾಶಿಮನ ಎದುರು ಬೇರೆಯೇ ಒಂದು ಲೋಕ ತೆರೆದುಕೊಂಡಿತು. ಜೀವಮಾನವೆಲ್ಲ ನೀರಿನಲ್ಲಿ ಕಳೆದವನು ತಾನು, ಆದರೆ ನೀರು ಮಾಡುತ್ತಿದ್ದದ್ದು ಏನೆಂದು ಯಾರೂ ಹೇಳಿರಲಿಲ್ಲ. ರುಡೊಲ್ಫ್ ಒಂದು ಜಾತ್ರೆಯ ಬಲೂನನ್ನು ತೆಗೆದುಕೊಂಡು ಕೋರೆಯ ತಳಕ್ಕೆ ಇಳಿದರು. ಅಲ್ಲಿ ಸಿಲಿಂಡರಿನ ಗಾಳಿಯಿಂದ ಅದನ್ನು ಊದಿ, ಬಾಯಿ ಕಟ್ಟಿ ಬಿಟ್ಟರು. ದಂಡೆಯಲ್ಲಿ ಬಗ್ಗಿ ನೋಡುತ್ತಿದ್ದವರಿಗೆ ಅದು ಏರಿ ಬರುವುದು ಕಾಣಿಸಿತು. ಬರುತ್ತ ಬರುತ್ತ ದಪ್ಪವಾಯಿತು. ಇನ್ನೇನು ಮೇಲೆ ಬಂತು ಎನ್ನುವಾಗ ಪಟ್ಟೆಂದು ಒಡೆದು ನೀರೆಲ್ಲ ಗುಳ್ಳೆಯಾಯಿತು.

"ಯಾರೂ ಸೂಜಿ ಚುಚ್ಚಲಿಲ್ಲ" ಎಂದರು ರುಡೊಲ್ಫ್ ಮೇಲೆ ಬಂದು. "ಕೆಳಗೆ ನೀರಿನ ಭಾರ ಗಾಳಿಯನ್ನು ಒತ್ತಿ ಹಿಡಿದಿತ್ತು. ಮೂವತ್ತಮೂರು ಅಡಿ ಕೆಳಗಿನ ಒಂದು ಸೇರು ಗಾಳಿ ಮೇಲೆ ಬಂದರೆ ಎರಡು ಸೇರು. ಬಲೂನಿಗೆ ಬಾಯಿ ಕಟ್ಟಿತ್ತು, ಹೋಗಲಿಕ್ಕೆ ದಾರಿ ಇರಲಿಲ್ಲ. ನಿಮ್ಮ ಎದೆಯೂ ಅದೇ ಬಲೂನು."

"ನಾವು ಮೊದಲಿನಿಂದ ಉಸಿರು ಹಿಡಿದೇ ಬರ್ತಿದ್ದೆವಲ್ಲ, ಆಗ ಯಾಕೆ ಒಡೀಲಿಲ್ಲ?" ಎಂದು ಕೇಳಿದ ಹಾಶಿಂ.

"ಆಗ ನೀನು ಮೇಲಿನ ಗಾಳಿಯನ್ನು ಕೆಳಗೆ ತೆಗೆದುಕೊಂಡು ಹೋಗ್ತಿದ್ದೆ. ಕೆಳಗೆ ಅದು ಕುಗ್ಗಿತು, ಮೇಲೆ ಬರುವಾಗ ಮೊದಲು ಎಷ್ಟಿತ್ತೋ ಅಷ್ಟೇ ಆಯ್ತು. ಇಲ್ಲಿ ಹಾಗಲ್ಲ. ಕೆಳಗೇ ಎದೆ ತುಂಬಿಸಿಕೊಳ್ಳುತ್ತೀ. ಅದು ಹಿಗ್ಗಿದರೆ ಇಡುವುದೆಲ್ಲಿ?"

ಅದೇ ದಿನ ಹಾಶಿಂ ಅವರ ಬಲಗಡೆಗೆ ಹೋಗಿ ನಿಂತು, ಬೆಂಗ್ರೆಯಲ್ಲಿ ತಾನು ಪ್ರಜ್ಞೆ ತಪ್ಪಿದ್ದನ್ನು ಹೇಳಿದ. ರುಡೊಲ್ಫ್ ಬಯ್ಯಲಿಲ್ಲ. ಬೇಗಬೇಗ ಉಸಿರಾಡಿದರೆ ಒಳಗೆ ಹೆಚ್ಚು ಗಾಳಿಯೇನೂ ಸೇರುವುದಿಲ್ಲ, 'ಉಸಿರು ತಗೋ' ಎಂದು ದೇಹ ಕೊಡುವ ಎಚ್ಚರಿಕೆ ಮಾತ್ರ ಅಳಿಸಿಹೋಗುತ್ತದೆ, ದೀಪ ಆರುವ ತನಕ ಗೊತ್ತೇ ಆಗುವುದಿಲ್ಲ ಎಂದು ತಿಳಿಸಿದರು. ಆರು ವರ್ಷ ಎದೆಯಲ್ಲಿ ಇಟ್ಟುಕೊಂಡಿದ್ದ ಭಯಕ್ಕೆ ಒಂದು ಹೆಸರು, ಒಂದು ಕಾರಣ ಸಿಕ್ಕಿತು. ಹಾಶಿಮನಿಗೆ ಅಳು ಬರುವ ಹಾಗಾಯಿತು. ಮಾಸ್ಕಿನ ಗಾಜಿಗೆ ಉಗುಳು ಹಚ್ಚಿ ಉಜ್ಜುತ್ತ ಮುಖ ತಿರುಗಿಸಿಕೊಂಡ.

ಪಾಠಗಳು ಹೀಗೆಯೇ ಬಂದವು. ಒಂದು ದಿನ ರುಡೊಲ್ಫ್ ಗೋಲಿ ಸೋಡಾದ ಬಾಟಲಿಗಳನ್ನು ತಂದು, ಒಂದರ ಗೋಲಿಯನ್ನು ದಢಕ್ಕನೆ ಒತ್ತಿದರು. ಸೋಡಾ ಉಕ್ಕಿ ಕೈಯೆಲ್ಲ ಒದ್ದೆ. ಇನ್ನೊಂದರ ಗೋಲಿಯನ್ನು ಸ್ವಲ್ಪಸ್ವಲ್ಪವೇ ಒತ್ತಿ, ಉಸ್ಸೆನ್ನಲು ಬಿಟ್ಟು ತೆರೆದರು. ಅದು ಉಕ್ಕಲಿಲ್ಲ. ತುಂಬ ಆಳದಲ್ಲಿ ತುಂಬ ಹೊತ್ತು ಇದ್ದವನ ರಕ್ತವೂ ಈ ಸೋಡಾದ ಹಾಗೆ, ನಿಂತು ನಿಂತು ಮೇಲೆ ಬರಬೇಕು ಎಂದರು. ಮಾಸ್ಕು ಹಾಕಿದರೆ ಮೀನು ಇದ್ದದ್ದಕ್ಕಿಂತ ದೊಡ್ಡದಾಗಿ, ಹತ್ತಿರದಲ್ಲಿ ಕಾಣುತ್ತದೆ, ಕೈ ಚಾಚಿ ಮೋಸ ಹೋಗಬೇಡಿ ಎಂದರು. ಸೀಸದ ಬೆಲ್ಟಿನ ಕೊಕ್ಕೆ ಒಂದೇ ಕೈಯಲ್ಲಿ ಬಿಚ್ಚುವಂತಿರಬೇಕು, ಅದರ ಮೇಲೆ ಬೇರೆ ಯಾವ ಪಟ್ಟಿಯೂ ಬರಬಾರದು. ಸಿಲಿಂಡರಿನ ಪಕ್ಕದ ಸರಳನ್ನು ಎಳೆದರೆ ಕೊನೆಯ ಸ್ವಲ್ಪ ಗಾಳಿ ಸಿಗುತ್ತದೆ, ಅದು ಕೆಲಸಕ್ಕಲ್ಲ, ಮನೆಗೆ ಬರಲಿಕ್ಕೆ.

ಕಿವಿಯಿಂದ ಕೇಳಿದ್ದೆಲ್ಲ ಹಾಶಿಮನ ತಲೆಗೆ ಹತ್ತಿತು. ಆದರೆ ಮೈಗೆ ಹತ್ತಲಿಲ್ಲ.

ನೀರಿನ ಪರೀಕ್ಷೆಯ ದಿನ ರುಡೊಲ್ಫ್ ಅವನ ಜೊತೆ ಕೋರೆಯ ತಳದಲ್ಲಿದ್ದರು. ಹೇಳದೆ ಕೇಳದೆ ಕೈ ಚಾಚಿ ಅವನ ಮಾಸ್ಕನ್ನು ಕಿತ್ತರು. ಪಾಸಾಗಬೇಕಿದ್ದರೆ ಉಸಿರಾಡುತ್ತ ಮಾಸ್ಕನ್ನು ಹುಡುಕಿ ಹಾಕಿಕೊಳ್ಳಬೇಕು. ಮೂಗಿಗೆ ತಣ್ಣೀರು ತಗುಲಿದ್ದೇ ತಡ, ಹಾಶಿಮನ ಗಂಟಲು ತಾನಾಗಿ ಮುಚ್ಚಿಕೊಂಡಿತು. ಎದೆ ತುಂಬ ಗಾಳಿ ಹಿಡಿದು, ಕಾಲಿನಿಂದ ನೆಲ ಒದ್ದು ಮೇಲಕ್ಕೆ ಹಾರಿದ. ಅರ್ಧ ದಾರಿಯಲ್ಲಿ ಯಾರೋ ಪಾದ ಹಿಡಿದು ಎಳೆದರು, ಹೊಟ್ಟೆಗೆ ಬಲವಾದ ಒಂದು ಗುದ್ದು ಬಿತ್ತು. ಬಾಯಿಂದ ಗಾಳಿಯೆಲ್ಲ ಬುಸ್ಸೆಂದು ಹೊರಟುಹೋಯಿತು.

ಮೇಲೆ ಬಂದ ಮೇಲೆ ರುಡೊಲ್ಫ್ ಏದುಸಿರು ಬಿಡುತ್ತ, "ಸತ್ತಿದ್ದೆ ನೀನು ಈಗ. ಗೊತ್ತುಂಟಾ? ಸತ್ತಿದ್ದೆ" ಎಂದರು. ಆ ಸಲ ಅವನು ಫೇಲಾದ. ಬೋಳೂರಿನ ಅಣ್ಣು, ಮೀನು ಹಿಡಿಯುವ ಮನೆಯವನು, ನೀರಿನಡಿಗೆ ಹೋಗಿಯೇ ಗೊತ್ತಿಲ್ಲದವನು, ಸಲೀಸಾಗಿ ಪಾಸಾದ. ಅವನಿಗೆ ಮರೆಯಬೇಕಾದದ್ದು ಏನೂ ಇರಲಿಲ್ಲ.

ಹಾಶಿಂ ಮನೆಗೆ ಬಂದು ಜಗಲಿಯಲ್ಲಿ ಕೂತ. ಆಸ್ಯಮ್ಮ ಚಹಾ ತಂದಿಟ್ಟು, ತುಂಬ ಹೊತ್ತು ಕಾದು, ಕೊನೆಗೆ ಕೇಳಿದಳು. ಅವನು ಎಲ್ಲವನ್ನೂ ಹೇಳಿದ. ಬಲೂನಿನ ವಿಷಯ, ಗುದ್ದಿದ ವಿಷಯ. "ಗೊತ್ತುಂಟು ನನಗೆ, ಬಿಡಬೇಕು ಅಂತ. ಆದರೆ ಗಂಟಲು ಕೇಳುವುದಿಲ್ಲ. ಮೂವತ್ತು ವರ್ಷ ಮುಚ್ಚಿ ಅಭ್ಯಾಸ ಆದ ಬಾಗಿಲು ಅದು."

ಆಸ್ಯಮ್ಮ ಯೋಚಿಸಿದಳು. "ಮಾತಾಡ್ತಾ ಇದ್ದರೆ ಉಸಿರು ಹಿಡಿಯಲಿಕ್ಕೆ ಆಗ್ತದಾ?"

"ಇಲ್ಲ."

"ಹಾಗಾದರೆ ಮಾತಾಡಿ. ಮನೆಯಲ್ಲಂತೂ ನೀವು ಬಾಯಿ ಬಿಡುವುದಿಲ್ಲ, ನೀರಲ್ಲಾದರೂ ಬಿಡಿ."

ಹಾಶಿಂ ಅವತ್ತು ಮೊದಲ ಬಾರಿ ನಕ್ಕ. ಮರುದಿನ ಧಕ್ಕೆಯಿಂದ ಆಚೆ, ಯಾರೂ ಇಲ್ಲದ ಕಡೆ, ಎದೆಮಟ್ಟದ ನೀರಿನಲ್ಲಿ ತಲೆ ಮುಳುಗಿಸಿ ಶಬ್ದ ಮಾಡಿ ನೋಡಿದ. ಬಾಯಿಂದ ಬಂದದ್ದು ಆ ಎಂಬ ಉದ್ದದ ಸ್ವರ. ಅದಕ್ಕೆ ಮುಂದೆ ಏನು ಸೇರಿಸುವುದು ಎಂದು ಹುಡುಕಬೇಕಾಗಲಿಲ್ಲ. ಮನೆಯೊಳಗೆ ಅವನು ಎಂದೂ ಜೋರಾಗಿ ಕರೆಯದ ಹೆಂಡತಿಯ ಹೆಸರು ಅದೇ ಅಕ್ಷರದಿಂದ ಶುರುವಾಗುತ್ತಿತ್ತು. ದಿನಾ ಬೆಳಿಗ್ಗೆ ಹೋಗಿ ಅಭ್ಯಾಸ ಮಾಡಿದ. ಮೂಗಿಗೆ ನೀರು ಬಿಟ್ಟುಕೊಂಡು, ಕಣ್ಣು ತೆರೆದು, ಉಪ್ಪು ನುಂಗಿ, "ಆ…ಸ್ಯಾ" ಎಂದು ಕೂಗುತ್ತ ಮೇಲೆ ಬರುತ್ತಿದ್ದ. ಒಂದು ತಿಂಗಳಾಗುವ ಹೊತ್ತಿಗೆ ಮುಚ್ಚಿಕೊಳ್ಳುತ್ತಿದ್ದ ಬಾಗಿಲು ತಾನಾಗಿ ತೆರೆಯತೊಡಗಿತು.

ಎರಡನೆಯ ಸಲ ರುಡೊಲ್ಫ್ ಮಾಸ್ಕು ಕಿತ್ತರು, ಬಾಯಿಂದ ಮೌತ್‌ಪೀಸನ್ನೂ ಕಿತ್ತರು. ಹಾಶಿಂ ಸಣ್ಣ ಗುಳ್ಳೆಗಳ ಸಾಲು ಬಿಡುತ್ತ ಎರಡನ್ನೂ ಹುಡುಕಿ ಹಾಕಿಕೊಂಡ. ದಂಡೆಗೆ ಬಂದ ಮೇಲೆ ಅವರು, "ಎಂತದೋ ಹೇಳ್ತಿದ್ದಿಯಲ್ಲ, ಎಂತ ಅದು?" ಎಂದು ಕೇಳಿದರು. "ಎಂತದೂ ಇಲ್ಲ ಪೊರ್ಬುಳೆ" ಎಂದ ಹಾಶಿಂ, ಕಿವಿ ಕೆಂಪಗೆ ಮಾಡಿಕೊಂಡು.

ಬಾಯಿಮಾತಿನ ಪರೀಕ್ಷೆಗೆ ಕಂಪೆನಿಯ ಇಂಜಿನಿಯರ್ ಚಿತ್ತರಂಜನರೂ ಬಂದಿದ್ದರು. ಮೇಲೆ ಬರುವಾಗ ಎಲ್ಲಕ್ಕಿಂತ ಅಪಾಯದ ಜಾಗ ಯಾವುದು ಎಂದು ಅವರು ಕೇಳಿದರು. ಹಾಶಿಂ, "ಮೇಲಿನ ಹತ್ತು ಅಡಿ" ಎಂದ. ಯಾಕೆ?

"ಅಲ್ಲಿ ಗಾಳಿ ಬೇಗ ಹಿಗ್ತದೆ. ಮತ್ತೆ, ಬೆಳಕು ಹತ್ತಿರ ಕಂಡ ಕೂಡಲೇ ಮನುಷ್ಯನಿಗೆ ಅವಸರ ಆಗ್ತದೆ."

ಪರೀಕ್ಷೆ ಮಾಡಿದವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಸರ್ಟಿಫಿಕೇಟು ಬಂತು. ಆಸ್ಯಮ್ಮ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬೇಕೆಂದಳು. ಹಾಶಿಂ ನಾಚಿ ಪೆಟ್ಟಿಗೆಯಲ್ಲಿಟ್ಟ.

ಟಗ್ ಮುಳುಗಿದ್ದ ಜಾಗದಲ್ಲಿ ಆಳ ಸುಮಾರು ನಲವತ್ತು ಅಡಿ. ಜನವರಿಯಲ್ಲಿ ಸಮುದ್ರ ಶಾಂತವಾಗಿ, ನೀರು ತಿಳಿಯಾದ ಮೇಲೆ ಕೆಲಸ ಶುರುವಾಯಿತು. ಹಾಶಿಮನೂ ಅಣ್ಣುವೂ ಸರದಿಯಲ್ಲಿ ಇಳಿದು ಒಡಕುಗಳಿಗೆ ತೇಪೆ ಹಾಕುವುದು, ಸಂಕಲೆ ಬಿಗಿಯುವುದು ಮಾಡುತ್ತಿದ್ದರು. ಸಮದನಿಗೂ ಅಲ್ಲೇ ಕೆಲಸ ಸಿಕ್ಕಿತ್ತು. ಅವನು ತನ್ನ ಹಳೆಯ ರೀತಿಯಲ್ಲೇ ಒಂದೇ ಉಸಿರಿನಲ್ಲಿ ಇಳಿದು, ಬಿಡಿ ಸಾಮಾನುಗಳಿಗೆ ಹಗ್ಗ ಕಟ್ಟಿ ಮೇಲೆ ಬರುತ್ತಿದ್ದ. ನೀರಿನಡಿಯಲ್ಲಿ ಹಾಶಿಂ ಕಂಡರೆ, ಬೆನ್ನಿನ ಸಿಲಿಂಡರಿನ ಮೇಲೆ ಬೆರಳಿನಿಂದ ಟಕಟಕ ಬಡಿದು, ನಗುತ್ತ ಮೇಲಕ್ಕೆ ತೇಲಿಹೋಗುತ್ತಿದ್ದ. ಕೋರೆಯಲ್ಲಿ ಕಲಿತದ್ದನ್ನು ಅವನಿಗೆ ಹೇಳಬೇಕೆಂದು ಹಾಶಿಮನಿಗೆ ಒಂದೆರಡು ಸಲ ಅನಿಸಿತ್ತು. ಬಾಯಿ ತೆರೆದರೆ "ಓ, ಮಾಷ್ಟ್ರು ಬಂದ್ರು" ಎಂದು ಸಮದ್ ನಗುತ್ತಿದ್ದುದರಿಂದ ಬಿಟ್ಟುಬಿಟ್ಟಿದ್ದ.

ಫೆಬ್ರವರಿಯ ಒಂದು ಬೆಳಿಗ್ಗೆ ಹಾಶಿಂ ಟಗ್ಗಿನ ಹಿಂಬದಿಯಲ್ಲಿ ಸಂಕಲೆ ಸರಿಪಡಿಸುತ್ತಿದ್ದ. ಸಮದ್ ಹಗ್ಗ ಹಿಡಿದು ಇಳಿದದ್ದನ್ನು ಕಂಡ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ತಿರುಗಿ ನೋಡಿದರೆ ಅವನಿನ್ನೂ ಅಲ್ಲೇ ಇದ್ದ. ಮುಳುಗಿದ ಹಡಗಿಗೆ ಸುತ್ತಿಕೊಂಡಿದ್ದ ಯಾವುದೋ ಹಳೆಯ ಮೀನಿನ ಬಲೆ ಅವನ ಕಾಲಿಗೆ ಸಿಕ್ಕಿಕೊಂಡಿತ್ತು. ಎಳೆದಷ್ಟೂ ಬಿಗಿಯಾಗುತ್ತಿತ್ತು. ಹಾಶಿಂ ಕೈಯಲ್ಲಿದ್ದದ್ದನ್ನು ಬಿಸಾಡಿ ಹೋದ. ಹತ್ತಿರ ಹೋದಾಗ ಸಮದನ ಕಣ್ಣು ದೊಡ್ಡದಾಗಿ, ಎದೆ ಒಳಗೊಳಗೇ ಜಗ್ಗುತ್ತಿತ್ತು. ಆ ಎದೆಯ ಅಳತೆ ಹಾಶಿಮನಿಗೆ ಗೊತ್ತಿತ್ತು. ಇನ್ನು ಕೆಲವೇ ಕ್ಷಣ.

ಹಾಶಿಂ ಒಂದು ಉಸಿರು ಎಳೆದು, ಮೌತ್‌ಪೀಸನ್ನು ತನ್ನ ಬಾಯಿಂದ ತೆಗೆದು ಗೆಳೆಯನ ಬಾಯಿಗೆ ಒತ್ತಿದ. ಸಮದ್ ಮೊದಲು ನೀರು ಕುಡಿದ, ಕೆಮ್ಮಿದ, ಆಮೇಲೆ ಗಾಳಿ ಸಿಕ್ಕಿತು. ಹಸಿದ ಮಗುವಿನ ಹಾಗೆ ಎಳೆದ. ಹಾಶಿಂ ತನ್ನ ಸರದಿಗೆ ತೆಗೆದುಕೊಂಡು ಮತ್ತೆ ಕೊಟ್ಟ. ಹೀಗೆ ಒಂದೇ ಗಾಳಿಯನ್ನು ಹಂಚಿಕೊಳ್ಳುತ್ತ ಚಾಕುವಿನಿಂದ ಬಲೆಯನ್ನು ಎಳೆಎಳೆಯಾಗಿ ಕೊಯ್ದ. ಕಾಲು ಬಿಡಿಸಿಕೊಂಡಿತು.

ಬಿಡಿಸಿಕೊಂಡದ್ದೇ ಸಮದ್ ಆ ಅಗಲವಾದ ಎದೆಯನ್ನು ಕಂಠಪೂರ್ತಿ ತುಂಬಿಸಿಕೊಂಡು, ಮೌತ್‌ಪೀಸನ್ನು ಉಗುಳಿ, ಬಾಯಿ ಮುಚ್ಚಿ, ಹಡಗಿನ ಅಟ್ಟವನ್ನು ಒದ್ದು ಮೇಲಕ್ಕೆ ಹೊರಟ. ಜೀವಮಾನವೆಲ್ಲ ಬಂದ ಹಾಗೆ.

ಹಾಶಿಮನಿಗೆ ಕೋರೆಯ ಬಲೂನು ನೆನಪಾಯಿತು. ತಾನು ಕೊಟ್ಟದ್ದು ಕೆಳಗಿನ ಗಾಳಿ. ಬದುಕಿಸಲೆಂದು ಕೊಟ್ಟ ಅದೇ ಗಾಳಿ ಇನ್ನು ಕೆಲವು ಮಾರು ಮೇಲೆ ಹೋದರೆ ಅವನನ್ನು ಸೀಳುತ್ತದೆ. ಕೂಗಿ ಹೇಳೋಣವೆಂದರೆ ನೀರು. ಹಾರಿ ಸಮದನ ಸೊಂಟವನ್ನು ತಬ್ಬಿ ಹಿಡಿದು ಹೊಟ್ಟೆಗೆ ಗುದ್ದಿದ. ಸಮದನ ಬಾಯಿಂದ ಗುಳ್ಳೆಗಳ ದೊಡ್ಡ ಗೊಂಚಲು ಹೊರಬಿತ್ತು. ಮತ್ತೆ ಬಾಯಿ ಮುಚ್ಚಿದ. ಹಾಶಿಂ ಮತ್ತೆ ಗುದ್ದಿದ. ಸಮದನಿಗೆ ಏನೂ ಅರ್ಥವಾಗಲಿಲ್ಲ, ಭಾವನಿಗೆ ಹುಚ್ಚು ಹಿಡಿದಿದೆ ಎಂದುಕೊಂಡನೋ ಏನೋ, ಮೊಣಕೈ ಬೀಸಿ ಹಾಶಿಮನ ಮಾಸ್ಕನ್ನು ಹಾರಿಸಿಬಿಟ್ಟ. ಬೆಳಕು ಹತ್ತಿರವಾಗಿತ್ತು. ಮೇಲ್ಮೈ ಇನ್ನೊಂದು ಮಾರು ಇರುವಾಗ ಸಮದ್ ಅವನ ಕೈಯಿಂದ ಜಾರಿಕೊಂಡು, ಹಲ್ಲು ಕಚ್ಚಿ ಹಿಡಿದ ಉಸಿರಿನೊಡನೆ ಮೇಲೆ ಚಿಮ್ಮಿದ. ಹಾಶಿಂ ಕುರುಡು ನೀರಿನಲ್ಲಿ ಬಾಯಿ ತೆರೆದು, ಸ್ವರ ಎಳೆಯುತ್ತ ಹಿಂದೆಯೇ ಬಂದ.

ಅಣ್ಣು ಇಬ್ಬರನ್ನೂ ದೋಣಿಗೆ ಎಳೆದುಹಾಕಿದ. ಸಮದ್ ಎದ್ದು ಕೂತವನೇ ಹಾಶಿಮನ ಕಡೆ ತಿರುಗಿದ.

"ನೀರಿನಡಿಯಲ್ಲಿ ನನಗೆ ಹೊಡೆದದ್ದಾ ನೀನು? ಕೊಲ್ಲಲಿಕ್ಕೆ ನೋಡಿದ್ದಾ? ಬಾಯಿಗೆ ಗಾಳಿ ಕೊಟ್ಟು ಹೊಟ್ಟೆಗೆ ಗುದ್ದುವುದು ಯಾವ ನ್ಯಾಯ?"

"ಸಮದ್, ಕೇಳು ಮಾರಾಯ, ಆ ಗಾಳಿ ಹಿಡಿದರೆ…"

"ನನಗೆ ನಿನ್ನ ಪಾಠ ಬೇಡ!"

ದಡ ಮುಟ್ಟುವ ತನಕ ಸಮದ್ ದೋಣಿಯ ಮೂತಿಯಲ್ಲಿ ಬೆನ್ನು ತಿರುಗಿಸಿ ಕೂತಿದ್ದ. ಅವನ ಸ್ವರ ಬಾತುಕೋಳಿಯ ಕೂಗಿನ ಹಾಗೆ ಸಪೂರವಾಗಿದ್ದುದನ್ನು ಹಾಶಿಂ ಕೇಳಿಸಿಕೊಂಡಿದ್ದ. ಸಿಟ್ಟಿಗೆ ಹಾಗಾಗಿದೆ ಎಂದುಕೊಂಡ. ಬೇರೆ ಯೋಚನೆ ಬಾರದಷ್ಟು ಅವನ ಸ್ವಂತ ಮನಸ್ಸು ನೊಂದಿತ್ತು.

ಸಂಜೆ ಸಮದ್ ನೇರವಾಗಿ ತಂಗಿಯ ಮನೆಗೆ ಬಂದ, ದೂರು ಹೇಳಲು. ಜಗಲಿಯಲ್ಲಿದ್ದ ಹಾಶಿಮನನ್ನು ನೋಡಿಯೂ ನೋಡದ ಹಾಗೆ ಒಳಗೆ ಹೋದ. ಒಳಗಿನಿಂದ ಮಾತು ಕೇಳುತ್ತಿತ್ತು. "ನಿನ್ನ ಗಂಡನಿಗೆ ಸರ್ಟಿಫಿಕೇಟು ಸಿಕ್ಕಿದ ಮೇಲೆ ಕಣ್ಣು ಕಾಣುವುದಿಲ್ಲ." ಕುತ್ತಿಗೆ ಬಿಗಿದಿದೆ, ನುಂಗುವಾಗ ನೋವು ಎಂದು ಅಣ್ಣ ಹೇಳಿದ್ದಕ್ಕೆ ಆಸ್ಯಮ್ಮ ಬಟ್ಟೆ ಬಿಸಿ ಮಾಡಿ ತಂದು ಶಾಖ ಕೊಡಲು ಕೂತಳು. ಆಮೇಲೆ ಅವಳ ಕೂಗು:

"ಇಲ್ಲಿ ಬನ್ನಿ ಒಮ್ಮೆ! ಬೇಗ!"

ಹಾಶಿಂ ಓಡಿದ. ಅವಳು ಗಂಡನ ಬೆರಳು ಹಿಡಿದು ಅಣ್ಣನ ಕೊರಳಿನ ಬುಡಕ್ಕೆ ಒತ್ತಿದಳು. ಚರ್ಮದ ಕೆಳಗೆ ಚರುಮುರಿ ತುಂಬಿಸಿಟ್ಟ ಹಾಗೆ ಚರಚರ ಎಂದಿತು. ರುಡೊಲ್ಫ್ ಹೇಳಿದ್ದರು, ಇಂಥದ್ದೂ ಒಂದು ಉಂಟು ಎಂದು. ಎದೆಯಿಂದ ಸೋರಿದ ಗಾಳಿ.

"ಏಳು ಸಮದ್. ಆಸ್ಪತ್ರೆಗೆ ಹೋಗುವಾ."

"ನಿನ್ನ ಜೊತೆ ನಾನು ಬರುವುದಿಲ್ಲ."

"ಅವರ ಜೊತೆ ಬರುವುದು ಬೇಡ, ನನ್ನ ಜೊತೆ ಬಾ" ಎಂದಳು ಆಸ್ಯಮ್ಮ. ಆಗಲೇ ಬಿಳಿಯ ಹೊದಿಕೆಯನ್ನು ಮೈತುಂಬ ಹೊದ್ದು ನಿಂತಿದ್ದಳು. ಆ ಸ್ವರದ ಮುಂದೆ ಸಮದ್ ಎದುರಾಡಲಿಲ್ಲ. ಟ್ಯಾಕ್ಸಿಯಲ್ಲಿ ಅಣ್ಣ ತಂಗಿ ಹಿಂದೆ ಕೂತರು, ಹಾಶಿಂ ಡ್ರೈವರನ ಪಕ್ಕ.

ಸರಕಾರಿ ಆಸ್ಪತ್ರೆಯ ಡಾಕ್ಟರು ಕುತ್ತಿಗೆ ಮುಟ್ಟಿದವರೇ ಎಕ್ಸ್‌ರೇ ತೆಗೆಸಿದರು. ಶ್ವಾಸಕೋಶದ ಒಂದು ಕಡೆ ಸಣ್ಣದಾಗಿ ಹರಿದು, ಗಾಳಿ ಸೋರಿ ಕುತ್ತಿಗೆಗೆ ಏರಿದೆ ಎಂದರು. "ಎಲ್ಲಿಂದಾದರೂ ಬಿದ್ದರಾ?" ಹಾಶಿಂ ನಡೆದದ್ದನ್ನು ಹೇಳಿದ. ಗುದ್ದಿದ್ದನ್ನೂ ಮುಚ್ಚಿಡಲಿಲ್ಲ. ಡಾಕ್ಟರು ಎಕ್ಸ್‌ರೇ ಹಿಡಿದುಕೊಂಡು ಕೇಳಿಸಿಕೊಂಡರು.

"ಕೊನೆಯ ಆರು ಅಡಿ ಮಾತ್ರ ಹಿಡಿದದ್ದಕ್ಕೆ ಇಷ್ಟಾಯಿತು. ಕೆಳಗಿನಿಂದ ಪೂರ್ತಿ ಹಿಡಿದುಕೊಂಡು ಬಂದಿದ್ದರೆ ಇವರನ್ನು ಇಲ್ಲಿಗೆ ತರುವ ಕೆಲಸ ಇರ್ತಿರಲಿಲ್ಲ" ಎಂದು ಹೇಳಿ, ಆಮ್ಲಜನಕ ಕೊಡಲು ನರ್ಸಿಗೆ ಸೂಚಿಸಿ ಹೋದರು.

ಮಂಚದಲ್ಲಿ ಮಲಗಿದ್ದ ಸಮದ್ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಆಮೇಲೆ ಆ ಸಪೂರ ಸ್ವರದಲ್ಲಿ ಕೇಳಿದ:

"ಹಾಗಾದರೆ ನೀನು ಹೊಡೆದದ್ದು…"

"ಇನ್ನೂ ಗಟ್ಟಿ ಹೊಡೀಬೇಕಿತ್ತು."

"ಇದು ನಿನಗೆ ಮೊದಲೇ ಗೊತ್ತಿತ್ತಲ್ಲ. ನನಗೆ ಯಾಕೆ ಹೇಳಲಿಲ್ಲ?"

"ಹೇಳಿದರೆ ನಗ್ತಿದ್ದಿ."

"ನಗ್ತಿದ್ದೆ." ಸಮದ್ ಕಣ್ಣು ಮುಚ್ಚಿಕೊಂಡ. "ಆದ್ರೂ ಹೇಳ್ಬೇಕಿತ್ತು ಭಾವ."

ಅದು ಸರಿಯಾದ ಮಾತು ಎಂದು ಹಾಶಿಮನಿಗೂ ಗೊತ್ತಿತ್ತು. ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತು, ಗೆಳೆಯನ ಕೈಯನ್ನು ತನ್ನ ಕೈಯಲ್ಲಿ ಇಟ್ಟುಕೊಂಡ. ಸಮದ್ ಕೈ ಎಳೆದುಕೊಳ್ಳಲಿಲ್ಲ.

ಕೆಲವು ವಾರಗಳಲ್ಲಿ ಕೊರಳಿನ ಗಾಳಿ ಇಳಿಯಿತು, ಸ್ವರ ಹಿಂದಕ್ಕೆ ಬಂತು. ಆದರೆ ಇನ್ನು ಜನ್ಮದಲ್ಲಿ ಮುಳುಗಬಾರದು ಎಂದರು ಡಾಕ್ಟರು. ಊರಿನಲ್ಲೇ ಅಗಲವಾದ ಎದೆ ತನ್ನದೆಂದು ಬೆಳೆದವನಿಗೆ ಅದು ಸಣ್ಣ ಮಾತಲ್ಲ. ಆ ಮಳೆಗಾಲ ಪೂರ್ತಿ ಸಮದ್ ಮನೆಯಿಂದ ಹೊರಬೀಳಲಿಲ್ಲ. ಶುಕ್ರವಾರದ ನಮಾಜು ಮುಗಿಸಿ ಹಾಶಿಂ ಅವನ ಮನೆಗೆ ಹೋಗುತ್ತಿದ್ದ. ಇಬ್ಬರೂ ಮಾಡಿನಿಂದ ಸುರಿಯುವ ನೀರು ನೋಡುತ್ತ ಕೂರುತ್ತಿದ್ದರು.

ಮುಳುಗುಗಾರನ ಸೊಂಟಕ್ಕೆ ಕಟ್ಟಿದ ಹಗ್ಗವನ್ನು ದೋಣಿಯಲ್ಲಿ ಹಿಡಿದು ನಿಲ್ಲಲು ನಂಬಿಕೆಯ ಒಬ್ಬ ಬೇಕು ಎಂದು ರುಡೊಲ್ಫ್ ಹೇಳಿ ಕಳಿಸಿದಾಗ ಸಮದ್ ಒಪ್ಪಲಿಲ್ಲ. "ಹಗ್ಗ ಹಿಡಿಯುವುದು ಮುದುಕರ ಕೆಲಸ." ಆಸ್ಯಮ್ಮ ಒಂದು ದಿನ ಅಣ್ಣನ ಮನೆಗೆ ಹೋದಳು. "ಮೇಲೆ ನೀನು ನಿಂತಿದ್ದೀ ಅಂತಾದರೆ, ಇವರು ಹೋಗುವಾಗಲೇ ನನಗೆ ಹೇಳ್ಬಹುದು" ಎಂದಳು. ಅಷ್ಟೇ. ಮಳೆ ಬಿಟ್ಟು ಕೆಲಸ ಮತ್ತೆ ಶುರುವಾದ ದಿನ ಸಮದ್ ದೋಣಿಯಲ್ಲಿದ್ದ. ಒಂದು ಎಳೆತ ಎಂದರೆ 'ಸರಿ ಇದ್ದೀಯಾ', ತಿರುಗಿ ಒಂದು ಎಳೆತ ಎಂದರೆ 'ಸರಿ ಇದ್ದೇನೆ'. ಸಮದ್ ಎಷ್ಟು ಸಲ ಎಳೆಯುತ್ತಿದ್ದನೆಂದರೆ, ಉತ್ತರ ಕೊಡುವುದರಲ್ಲೇ ಹಾಶಿಮನ ಒಂದು ಕೈ ಬಳಲುತ್ತಿತ್ತು.

ಆ ಟಗ್ ಮೇಲೆ ಬಂತು. ಆಮೇಲೆ ಬೇರೆ ಕೆಲಸಗಳು ಬಂದವು. ಅರವತ್ತೆಂಟರ ಹೊತ್ತಿಗೆ ರುಡೊಲ್ಫರಿಗೆ ಬಲಗಿವಿಯೂ ಮಂದವಾಗಿ, ವಾಮಂಜೂರಿನ ಕೋರೆಯ ಪಾಠ ಹಾಶಿಮನ ಪಾಲಿಗೆ ಬಂತು. ಹೊಸಬರು ಕಲ್ಲಿನ ಮೇಲೆ ಸಾಲಾಗಿ ಕೂತರು. ಉಸಿರು ಹಿಡಿಯಬಾರದು ಎಂದು ಅವನು ಹೇಳಿದ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಹಾಶಿಂ ಮುಂದೆ ಹೇಳಲಾರದೆ, ಲಾರಿಯ ಪಕ್ಕದಲ್ಲಿ ಹಗ್ಗ ಸುತ್ತುತ್ತಿದ್ದ ಸಮದನನ್ನು ಕೈಮಾಡಿ ಕರೆದ.

ಸಮದ್ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ. ಬಲೆಗೆ ಸಿಕ್ಕಿದ್ದನ್ನು ಹೇಳಿದ, ಗಾಳಿ ಸಿಕ್ಕಿದ್ದನ್ನು ಹೇಳಿದ. "ಆಮೇಲೆ ಈ ಜನ ನನ್ನ ಹೊಟ್ಟೆಗೆ ಗುದ್ದಿತು ನೋಡಿ, ಹತ್ತು ಸಲ!" ಎಂದು ಹಾಶಿಮನತ್ತ ಬೆರಳು ತೋರಿಸಿದ. ಕಿಸಕ್ಕೆಂದವನು ಈಗ ಬಾಯಿ ತೆರೆದು ಕೇಳುತ್ತಿದ್ದ.

"ಎರಡೇ ಸಲ" ಎಂದ ಹಾಶಿಂ ಮೆಲ್ಲಗೆ.

"ನೀನು ಸುಮ್ಮನಿರು ಭಾವ" ಎಂದ ಸಮದ್. "ಪೆಟ್ಟು ತಿಂದವ ನಾನು."